ಒಂದು ಪದ, ಐದು ಕೆಲಸ

ಒಬ್ಬಳೇ ಹೆಂಗಸು ಬೆಳಿಗ್ಗೆ ಅಡಿಗೆಯವಳು, ಮಧ್ಯಾಹ್ನ ಲೆಕ್ಕ ಬರೆಯುವವಳು, ರಾತ್ರಿ ಮಗುವಿಗೆ ದಾದಿ ಆಗುವುದನ್ನು ನಾವು ದಿನವೂ ಕಾಣುತ್ತೇವೆ. ಇಂಗ್ಲಿಷಿನ ‘ರೌಂಡ್’ ಎಂಬ ಪದವೂ ಇಂಥದೇ. ‘ದಿ ಅರ್ತ್ ಈಸ್ ರೌಂಡ್’ ಎಂದಾಗ ಅದು ಗುಣವಾಚಕ. ‘ದಿ ಫಸ್ಟ್ ರೌಂಡ್’ ಎಂದಾಗ ನಾಮಪದ. ‘ಟರ್ನ್ ರೌಂಡ್’ ಎಂಬಲ್ಲಿ ಕ್ರಿಯಾವಿಶೇಷಣ, ‘ರೌಂಡ್ ದಿ ಟೇಬಲ್’ ಎಂಬಲ್ಲಿ ಪ್ರಿಪೊಸಿಷನ್. ಮೂಲೆ ಬಳಸಿ ತಿರುಗುವುದಕ್ಕೆ ‘ರೌಂಡ್ ದಿ ಕಾರ್ನರ್’ ಎಂದರೆ ಕ್ರಿಯಾಪದ.

ಹಿಂದೊಮ್ಮೆ ಒಂದು ಪ್ರಶ್ನೆಪತ್ರಿಕೆಯಲ್ಲಿ ವಾಕ್ಯವನ್ನೇ ಕೊಡದೆ, ಬರಿಯ ಪದಗಳನ್ನು ಸಾಲಾಗಿಟ್ಟು ‘ಇವು ಯಾವ ಪದವರ್ಗ?’ ಎಂದು ಕೇಳಿದ್ದರು. ‘ವಾಟರ್’ ಕ್ರಿಯಾಪದ ಎಂದು ಬರೆದ ರೈತರ ಮನೆಯ ಹುಡುಗಿಗೆ ಸೊನ್ನೆ ಸಿಕ್ಕಿತು. ಗಿಡಕ್ಕೆ ನೀರು ಹಾಕುವುದೂ ‘ವಾಟರ್’ ತಾನೆ? ಆ ಸೊನ್ನೆಯ ಹಿಂದೆ ಸಾವಿರ ವರ್ಷಗಳ ಕತೆಯಿದೆ.

ಹಳೆಯ ಇಂಗ್ಲಿಷಿನಲ್ಲಿ ಇಂಥ ಗೊಂದಲ ಕಡಿಮೆ. ಪ್ರೀತಿ ಎಂಬ ನಾಮಪದ ‘ಲುವು’, ಪ್ರೀತಿಸು ಎಂಬ ಕ್ರಿಯಾಪದ ‘ಲುವಿಯನ್’. ಪದದ ಬಾಲ ನೋಡಿಯೇ ಅದರ ಕುಲ ಹೇಳಬಹುದಿತ್ತು. ಆದರೆ ಇಂಗ್ಲಿಷಿನಲ್ಲಿ ಒತ್ತು ಪದದ ಮೊದಲಿಗೆ ಬೀಳುತ್ತಿದ್ದುದರಿಂದ ಕೊನೆಯ ಸ್ವರಗಳು ಮೆಲ್ಲಗೆ ಮಸುಕಾದವು. ಒಂಬತ್ತನೆಯ ಶತಮಾನದಲ್ಲಿ ಬಂದು ನೆಲೆಸಿದ ವೈಕಿಂಗರ ನುಡಿಯಲ್ಲಿ ಎಷ್ಟೋ ಪದಗಳ ಬೇರು ಒಂದೇ, ಬಾಲ ಮಾತ್ರ ಬೇರೆ. ನೆರೆಹೊರೆಯವರ ಮಾತುಕತೆಯಲ್ಲಿ ಬಾಲಗಳು ಇನ್ನಷ್ಟು ಸವೆದವೆಂದು ಪಂಡಿತರು ಹೇಳುತ್ತಾರೆ. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಅರಮನೆಯ ಮಾತು ಫ್ರೆಂಚ್ ಆಯಿತು. ಇಂಗ್ಲಿಷ್ ಹೊಲ, ಸಂತೆ, ಅಡಿಗೆಮನೆಗಳಲ್ಲಿ ಉಳಿಯಿತು. ಹಳೆಯ ಬರವಣಿಗೆಯ ಕಟ್ಟುಪಾಡು ಸಡಿಲವಾಯಿತು. ಕೊನೆಗೆ ಎರಡೂ ಪದಗಳು ‘ಲವ್’ ಎಂಬ ಒಂದೇ ರೂಪಕ್ಕೆ ಬಂದು ನಿಂತವು. ಬಾಲ ಹೋದ ಮೇಲೆ ಹೊಸ ಸ್ವಾತಂತ್ರ್ಯವೂ ಬಂತು: ಯಾವ ನಾಮಪದವನ್ನಾದರೂ ಎತ್ತಿ ಕ್ರಿಯಾಪದದ ಜಾಗದಲ್ಲಿ ಕೂರಿಸಬಹುದು. ಷೇಕ್ಸ್‌ಪಿಯರನ ನಾಟಕಗಳಲ್ಲಿ ಇದು ಧಾರಾಳ.

ಇಷ್ಟೆಲ್ಲ ಆದ ಮೇಲೆ, 1586ರಲ್ಲಿ, ವಿಲಿಯಂ ಬುಲ್ಲೋಕರ್ ಇಂಗ್ಲಿಷಿಗೆ ಮೊದಲ ವ್ಯಾಕರಣ ಬರೆದ. ಮಾದರಿ ಲ್ಯಾಟಿನ್, ಎಂಟು ಪದವರ್ಗಗಳ ಡಬ್ಬಿಗಳೂ ಅಲ್ಲಿಂದಲೇ ಬಂದವು. ಲ್ಯಾಟಿನ್ ಪದಗಳಿಗೆ ಬಾಲವಿತ್ತು, ಡಬ್ಬಿ ಹೊಂದುತ್ತಿತ್ತು. ಇಂಗ್ಲಿಷಿಗೆ ಡಬ್ಬಿ ಬರುವ ಹೊತ್ತಿಗೆ ಬಾಲಗಳು ಬಹುಪಾಲು ಉದುರಿಹೋಗಿದ್ದವು!

ನಮ್ಮ ‘ಹಾಡು’ ನಾಮಪದವೂ ಹೌದು, ಕ್ರಿಯಾಪದವೂ ಹೌದು. ಆದರೆ ‘ಹಾಡನ್ನು’ ಎಂದೊಡನೆ ಒಂದು, ‘ಹಾಡಿದಳು’ ಎಂದೊಡನೆ ಇನ್ನೊಂದು. ‘ರಾವಣನನ್ನು ರಾಮ ಕೊಂದ’ ಎಂದು ತಿರುಗಿಸಿ ಹೇಳಿದರೂ ಸತ್ತವನು ರಾವಣನೇ. ಇಂಗ್ಲಿಷಿನಲ್ಲಿ ಹೆಸರುಗಳ ಜಾಗ ಬದಲಿಸಿದರೆ ರಾಮಾಯಣವೇ ಬದಲಾಗುತ್ತದೆ. ಪ್ರತ್ಯಯ ಹೊರುವ ಭಾರವನ್ನು ಅಲ್ಲಿ ಪದದ ಸ್ಥಾನ ಹೊತ್ತಿದೆ.

ಇದನ್ನು ಹೇಳಿಕೊಡದೆ ಪಟ್ಟಿ ಬಾಯಿಪಾಠ ಮಾಡಿಸಿದರೆ, ಹಳ್ಳಿಯ ಮಕ್ಕಳು ತಮಗೇ ಬುದ್ಧಿ ಕಡಿಮೆ ಎಂದುಕೊಳ್ಳುತ್ತಾರೆ. ಆದ್ದರಿಂದ ನಾನು ತರಗತಿಯಲ್ಲಿ ‘ಈ ಪದ ಏನು?’ ಎಂದು ಕೇಳುವುದಿಲ್ಲ. ಒಂದು ವಾಕ್ಯ ಬರೆದು, ‘ಇದು ಇಲ್ಲಿ ಯಾವ ಕೆಲಸ ಮಾಡುತ್ತಿದೆ?’ ಎಂದು ಕೇಳುತ್ತೇನೆ. ಹಿಂದಿನ ಬೆಂಚಿನಿಂದಲೂ ಕೈಗಳು ಮೇಲೇಳುತ್ತವೆ.