ವ್ರತನಿಯಮದ ಊಟ ಮತ್ತು ಹಿರಿಯರ ಆರೋಗ್ಯ

ತತ್ತ್ವಾರ್ಥಸೂತ್ರ ಹೇಳುವ ಆರು ಬಾಹ್ಯ ತಪಗಳಲ್ಲಿ ಮೊದಲ ನಾಲ್ಕು, ಅಂದರೆ ಅನಶನ, ಅವಮೌದರ್ಯ, ವೃತ್ತಿಪರಿಸಂಖ್ಯಾನ ಮತ್ತು ರಸಪರಿತ್ಯಾಗ, ಆಹಾರಕ್ಕೆ ಸಂಬಂಧಿಸಿವೆ. ಇವುಗಳ ಗುರಿ ಕರ್ಮನಿರ್ಜರೆ. ದೇಹಕ್ಕೂ ಇವುಗಳಿಂದ ಲಾಭವಿದೆ. ಆದರೂ ವ್ರತ ಪಾಲಿಸುವ ಮನೆಗಳಲ್ಲಿಯೂ ಮಧುಮೇಹ, ರಕ್ತದೊತ್ತಡ, ನಿಶ್ಶಕ್ತಿ ಕಾಣುತ್ತವೆ. ಏನನ್ನು ಬಿಡಬೇಕೆಂಬುದರ ಜೊತೆಗೆ ತಟ್ಟೆಯಲ್ಲಿ ಏನಿರಬೇಕೆಂಬುದನ್ನೂ ಗಮನಿಸಬೇಕು.

ಸೂರ್ಯಾಸ್ತಕ್ಕೆ ಮುನ್ನ ಊಟ
ಬೇಗ ಉಂಡವರಿಗೆ ಮಲಗುವ ಹೊತ್ತಿಗೆ ಹೊಟ್ಟೆ ಹಗುರವಾಗಿ ಎದೆಯುರಿ ಕಡಿಮೆಯಾಗುತ್ತದೆ. ಸಕ್ಕರೆಯನ್ನು ನಿಭಾಯಿಸುವ ದೇಹದ ಶಕ್ತಿಯೂ ರಾತ್ರಿಗಿಂತ ಹಗಲಿನಲ್ಲಿ ಹೆಚ್ಚು. ಆದರೆ ಹೊತ್ತು ಮುಳುಗುತ್ತದೆಂದು ಅವಸರದಲ್ಲಿ ಪೂರಿ, ಬಜ್ಜಿ, ಸಿಹಿ ತಿಂದರೆ ಈ ಲಾಭ ಉಳಿಯದು. ಹೊಟ್ಟೆ ತುಂಬುವ ಮೊದಲೇ ಏಳುವ ಅವಮೌದರ್ಯ ನಿತ್ಯವೂ ಪಾಲಿಸಬಹುದಾದ ನಿಯಮ.

ಉಪ್ಪು, ಎಣ್ಣೆ
ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚಕ್ಕಿಂತ ಕಡಿಮೆ ಉಪ್ಪು ಸಾಕು. ತರಕಾರಿ ಕಡಿಮೆಯಾಗುವ ಪರ್ವದ ದಿನಗಳಲ್ಲಿ ಹಪ್ಪಳ, ಸಂಡಿಗೆ, ಕರಿದ ತಿಂಡಿ ಹೆಚ್ಚಾಗದಂತೆ ನೋಡಿಕೊಳ್ಳಬೇಕು. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಷಡ್ರಸಗಳಲ್ಲಿ ಒಂದನ್ನು ಬಿಡುವಾಗ ರಕ್ತದೊತ್ತಡವಿರುವವರು ಉಪ್ಪನ್ನು, ಮಧುಮೇಹಿಗಳು ಸಿಹಿಯನ್ನು ಆರಿಸಿಕೊಳ್ಳಬಹುದು.

ಪ್ರೋಟೀನ್ ಮತ್ತು ಬಿ12
ವಯಸ್ಸಾದಂತೆ ಸ್ನಾಯು ಕರಗಿ ಬೀಳುವ ಅಪಾಯ ಹೆಚ್ಚುತ್ತದೆ. ಅನ್ನ, ತಿಳಿಸಾರು ಮಾತ್ರ ಉಂಡರೆ ಸಾಲದು. ತೊಗರಿ, ಹೆಸರು, ಕಡಲೆ, ಶೇಂಗಾ, ಹಾಲು ದಿನವೂ ಇರಲಿ. ದ್ವಿದಳ ದೋಷ ಪಾಲಿಸುವವರು ಮಧ್ಯಾಹ್ನ ಬೇಳೆ, ಬೇರೆ ಹೊತ್ತಿನಲ್ಲಿ ಮೊಸರು ಎಂದು ಹಂಚಿಕೊಳ್ಳಬಹುದು.

ಧಾನ್ಯ, ತರಕಾರಿಗಳಲ್ಲಿ ಬಿ12 ಸಹಜವಾಗಿ ಇರುವುದಿಲ್ಲ. ಸಸ್ಯಾಹಾರಿಗಳಿಗೆ ಹಾಲು, ಮೊಸರೇ ಮುಖ್ಯ ಮೂಲ. ಹಾಲನ್ನೂ ತ್ಯಜಿಸಿದವರಿಗೆ, ಬಹುಕಾಲದಿಂದ ಮೆಟ್‌ಫಾರ್ಮಿನ್ ಸೇವಿಸುವವರಿಗೆ ಕೊರತೆಯ ಸಾಧ್ಯತೆ ಹೆಚ್ಚು. ಪಾದ ಜೋಮು ಹಿಡಿಯುವುದು, ಮರೆವು, ಆಯಾಸವನ್ನು ‘ವಯಸ್ಸಾಯಿತು’ ಎಂದು ತಳ್ಳಿಹಾಕದೆ ರಕ್ತಪರೀಕ್ಷೆ ಮಾಡಿಸಿ. ಮಾತ್ರೆ ಅಗತ್ಯವಾದರೆ ಅದರ ಕವಚ ಸಸ್ಯಮೂಲದ್ದೇ ಎಂದು ಔಷಧ ಅಂಗಡಿಯಲ್ಲಿ ವಿಚಾರಿಸಬಹುದು.

ಉಪವಾಸಕ್ಕೆ ಮುನ್ನ
ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವವರು ಉಪವಾಸವಿದ್ದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಕುಸಿಯಬಹುದು. ನಡುಕ, ಬೆವರು, ಗೊಂದಲ ಅದರ ಲಕ್ಷಣಗಳು. ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಿಗೆ ನೀರನ್ನೂ ಬಿಡುವ ಉಪವಾಸ ಕಷ್ಟಕರ. ದಶಲಕ್ಷಣ ಪರ್ವಕ್ಕೆ ಮೊದಲೇ ವೈದ್ಯರನ್ನು ಕಂಡು ಮಾತ್ರೆಯ ಪ್ರಮಾಣ, ಸಮಯ ಕೇಳಿಕೊಳ್ಳಿ. ಸ್ವತಃ ಮಾತ್ರೆ ನಿಲ್ಲಿಸಬೇಡಿ. ಶಕ್ತಿಗೆ ತಕ್ಕ ತಪವೆಂಬುದು ನಮ್ಮ ಪರಂಪರೆಯ ಮಾತು. ಉಪವಾಸ ಆಗದವರು ಏಕಾಶನ, ರಸತ್ಯಾಗ ಅಥವಾ ಸ್ವಾಧ್ಯಾಯ ಮಾಡಬಹುದು.

ನಡಿಗೆ
ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಹಿರಿಯರಿಗೂ ಬೇಕು. ಬಸದಿಗೆ ನಡೆದೇ ಹೋಗುವುದು, ನೆಲದಿಂದ ಆಧಾರವಿಲ್ಲದೆ ಏಳುವ ಅಭ್ಯಾಸ ಉಳಿಸಿಕೊಳ್ಳುವುದು ಒಳ್ಳೆಯ ಆರಂಭ. ಮನೆಯ ಹಿರಿಯರ ಜೊತೆ ಕಿರಿಯರೂ ಹೆಜ್ಜೆ ಹಾಕಲಿ.