ಪ್ರೌಢಶಾಲೆಗಳಲ್ಲಿ ವೃತ್ತಿಶಿಕ್ಷಣ ಮತ್ತು ಕಾರ್ಯಾನುಭವ: ಒಂದು ಚಾರಿತ್ರಿಕ ಅವಲೋಕನ

ಪುಸ್ತಕವನ್ನು ಓದುವ ವಿದ್ಯಾರ್ಥಿಯ ಕೈಗೆ ಕಸುಬನ್ನೂ ಕಲಿಸಬೇಕೆ, ಕಲಿಸುವುದಾದರೆ ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಉದ್ದೇಶದಿಂದ ಎಂಬ ಪ್ರಶ್ನೆಯು ಭಾರತದ ಶಿಕ್ಷಣ ಚರಿತ್ರೆಯಲ್ಲಿ ಶತಮಾನಕ್ಕೂ ಮಿಕ್ಕಿ ಚರ್ಚೆಗೊಳಗಾಗುತ್ತ ಬಂದಿದೆ. ಇದಕ್ಕೆ ಉತ್ತರವಾಗಿ ಒಂದಾದ ಮೇಲೊಂದು ಯೋಜನೆ ಹುಟ್ಟಿತು. ಅವುಗಳ ಹೆಸರು ಬದಲಾದರೂ ಎದುರಾದ ತೊಡಕುಗಳು ಬಹುಮಟ್ಟಿಗೆ ಒಂದೇ ಬಗೆಯವಾಗಿದ್ದವು. ಆ ತೊಡಕುಗಳ ಸ್ವರೂಪವನ್ನು ಅರಿಯದೆ ಇಂದಿನ ಪ್ರಯತ್ನಗಳ ಬೆಲೆಯನ್ನು ಕಟ್ಟುವುದು ಸಾಧ್ಯವಿಲ್ಲ.

1882ರಲ್ಲಿ ನೇಮಕವಾದ ಹಂಟರ್ ಆಯೋಗವು ಪ್ರೌಢಶಾಲೆಯ ಮೇಲಿನ ತರಗತಿಗಳನ್ನು ಎರಡು ಕವಲಾಗಿ ಒಡೆಯಬೇಕೆಂದು ಸಲಹೆ ಮಾಡಿತು. ಒಂದು ಕವಲು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ಒಯ್ಯುವಂಥದು. ಇನ್ನೊಂದು ವಾಣಿಜ್ಯ ಮೊದಲಾದ ವ್ಯಾವಹಾರಿಕ ಉದ್ಯೋಗಗಳಿಗೆ ಸಿದ್ಧಗೊಳಿಸುವಂಥದು. ಸಲಹೆ ವಿವೇಕಯುತವೇ ಆಗಿದ್ದಿತು. ಆದರೆ ಸರಕಾರಿ ಹುದ್ದೆಯ ಬಾಗಿಲನ್ನು ತೆರೆಯುತ್ತಿದ್ದುದು ಪ್ರವೇಶ ಪರೀಕ್ಷೆಯೇ ಹೊರತು ಎರಡನೆಯ ಕವಲಲ್ಲ. ಆದಕಾರಣ ಅದನ್ನು ಆರಿಸಿಕೊಂಡವರು ವಿರಳ. ಕಸುಬಿನ ಶಿಕ್ಷಣವು ಓದಿನಲ್ಲಿ ಹಿಂದೆ ಬಿದ್ದವರಿಗೆ ಮೀಸಲೆಂಬ ಭಾವನೆ ಬೇರೂರಿದುದು ಇಂಥ ವಿಭಜನೆಯಿಂದಲೇ.

ಈ ವಿಭಜನೆಯನ್ನೇ ಅಳಿಸಿಹಾಕುವ ಮಹತ್ತ್ವದ ಯತ್ನ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಸಮ್ಮೇಳನದಲ್ಲಿ ಮೊದಲಾಯಿತು. ಕಸುಬು ಪಾಠದ ಪಕ್ಕದಲ್ಲಿರುವ ಇನ್ನೊಂದು ವಿಷಯವಲ್ಲ, ಅದರ ಮೂಲಕವೇ ಉಳಿದ ವಿಷಯಗಳು ಮಗುವಿಗೆ ತಿಳಿಯಬೇಕು ಎಂಬುದು ಗಾಂಧೀಜಿಯವರ ನಿಲುವು. ಡಾ. ಜಾಕೀರ್ ಹುಸೇನರ ಅಧ್ಯಕ್ಷತೆಯ ಸಮಿತಿಯು ಏಳು ವರ್ಷಗಳ ಮೂಲಶಿಕ್ಷಣದ ಪಠ್ಯಕ್ರಮವನ್ನು ರಚಿಸಿ, ದಿನದ 5 ಗಂಟೆ 30 ನಿಮಿಷಗಳ ಶಾಲಾವಧಿಯಲ್ಲಿ 3 ಗಂಟೆ 20 ನಿಮಿಷಗಳನ್ನು ನೂಲುವುದು, ನೇಯ್ಗೆ, ಬಡಗಿತನ, ಬೇಸಾಯ ಮೊದಲಾದ ಕಸುಬುಗಳಿಗೆ ಮೀಸಲಿಟ್ಟಿತು. ನೂಲಿನ ಎಳೆಗಳನ್ನು ಎಣಿಸುವಲ್ಲಿ ಗಣಿತ, ಹತ್ತಿಯ ಕೃಷಿಯಲ್ಲಿ ವಿಜ್ಞಾನ, ಬಟ್ಟೆಯ ವ್ಯಾಪಾರದಲ್ಲಿ ಇತಿಹಾಸ ಭೂಗೋಳಗಳು ಅಡಗಿವೆಯೆಂಬುದು ಅದರ ತತ್ತ್ವ.

ಮಕ್ಕಳ ದುಡಿಮೆಯಿಂದಲೇ ಶಾಲೆಯ ವೆಚ್ಚ ಸಾಗಬೇಕೆಂಬ ಅಂಶಕ್ಕೆ ಮಾತ್ರ ಸಮ್ಮೇಳನದಲ್ಲಿಯೇ ಪ್ರೊ. ಕೆ. ಟಿ. ಷಾ ಅವರು ಆಕ್ಷೇಪವನ್ನೆತ್ತಿದರು. ಗಳಿಕೆಯ ಕಡೆಗೆ ಲಕ್ಷ್ಯ ವಾಲಿದರೆ ಶಿಕ್ಷಣದ ಗುರಿ ಮರೆಯಾದೀತೆಂದು ಸಮಿತಿಯೂ ಎಚ್ಚರಿಕೆ ನೀಡಿತು. ಕಸುಬಿನೊಡನೆ ಪಾಠವನ್ನು ಹೆಣೆಯಬಲ್ಲ ಉಪಾಧ್ಯಾಯರು ದೊರೆತೆಡೆ ಮೂಲಶಿಕ್ಷಣ ಫಲ ಕೊಟ್ಟಿತು. ದೊರೆಯದೆಡೆ ತಕಲಿ ತಿರುಗಿಸುವ ಯಾಂತ್ರಿಕ ಕ್ರಿಯೆಯಷ್ಟೇ ಉಳಿಯಿತು.

ಶಾಲೆ ಮತ್ತು ಕಸುಬಿನ ಸಂಬಂಧದಲ್ಲಿ ಹುದುಗಿದ್ದ ಸಾಮಾಜಿಕ ಪ್ರಶ್ನೆ ಬಯಲಿಗೆ ಬಂದುದು 1953ರಲ್ಲಿ, ಮದರಾಸು ರಾಜ್ಯದಲ್ಲಿ. ಅಂದು ದಕ್ಷಿಣ ಕನ್ನಡ ಜಿಲ್ಲೆಯೂ ಆ ರಾಜ್ಯಕ್ಕೆ ಸೇರಿದ್ದಿತು. ಮುಖ್ಯಮಂತ್ರಿ ಸಿ. ರಾಜಗೋಪಾಲಾಚಾರಿಯವರು ಗ್ರಾಮೀಣ ಪ್ರಾಥಮಿಕ ಶಾಲೆಗಳ ಅವಧಿಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿ, ಮಕ್ಕಳನ್ನು ಎರಡು ಸರದಿಗಳಾಗಿ ವಿಂಗಡಿಸಿದರು. ಉಳಿದ ವೇಳೆಯಲ್ಲಿ ಮಗು ಮನೆಯ ಕಸುಬನ್ನು ಕಲಿಯಬೇಕೆಂಬುದು ಅವರ ಯೋಜನೆ. ಇದ್ದ ಶಿಕ್ಷಕರಿಂದಲೇ ಹೆಚ್ಚು ಮಕ್ಕಳಿಗೆ ಅಕ್ಷರ ದೊರೆಯಲಿ ಎಂಬುದು ಅದರ ಉದ್ದೇಶವಾಗಿದ್ದಿತು. ಆದರೆ ಕುಂಬಾರನ ಮಗ ಕುಂಬಾರನಾಗಿಯೇ, ಚಮ್ಮಾರನ ಮಗ ಚಮ್ಮಾರನಾಗಿಯೇ ಉಳಿಯಬೇಕೆ ಎಂಬ ಪ್ರಶ್ನೆಯನ್ನು ಮುಂದಿಟ್ಟು ಪೆರಿಯಾರ್ ಮೊದಲಾದವರು ಇದನ್ನು ಕುಲಕಸುಬಿನ ಶಿಕ್ಷಣವೆಂದು ಖಂಡಿಸಿದರು. ಚಳವಳಿಯ ಪರಿಣಾಮವಾಗಿ 1954ರಲ್ಲಿ ರಾಜಾಜಿಯವರು ಅಧಿಕಾರವನ್ನು ಬಿಟ್ಟರು. ಅನಂತರ ಬಂದ ಕಾಮರಾಜರ ಸರಕಾರವು ಯೋಜನೆಯನ್ನು ಕೈಬಿಟ್ಟಿತು. ಅಕ್ಷರವನ್ನು ಬಿಡುಗಡೆಯ ದಾರಿಯೆಂದು ಕಂಡ ದುಡಿಯುವ ಜನರಿಗೆ, ಶಾಲೆಯೇ ತಮ್ಮ ಮಕ್ಕಳನ್ನು ಹಳೆಯ ಕಸುಬಿಗೆ ಮರಳಿಸುವುದು ಒಪ್ಪಿಗೆಯಾಗುವಂತಿರಲಿಲ್ಲ.

ಇದೇ ಕಾಲದಲ್ಲಿ, 1952–53ರ ಮಾಧ್ಯಮಿಕ ಶಿಕ್ಷಣ ಆಯೋಗವು ಡಾ. ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ನೇತೃತ್ವದಲ್ಲಿ ವಿವಿಧೋದ್ದೇಶ ಪ್ರೌಢಶಾಲೆಗಳನ್ನು ಸೂಚಿಸಿತು. ಮಾನವಿಕಗಳು, ವಿಜ್ಞಾನ, ತಾಂತ್ರಿಕ ವಿಷಯಗಳು, ವಾಣಿಜ್ಯ, ಕೃಷಿ, ಲಲಿತಕಲೆ, ಗೃಹವಿಜ್ಞಾನ ಎಂಬ ಏಳು ಗುಂಪುಗಳಲ್ಲಿ ವಿದ್ಯಾರ್ಥಿಯು ತನ್ನ ಅಭಿರುಚಿಯಂತೆ ಒಂದನ್ನು ಆರಿಸಿಕೊಳ್ಳಬಹುದಾಗಿದ್ದಿತು. ಈ ಶಾಲೆಗಳಿಗೆ ಶಿಕ್ಷಕರನ್ನು ಸಿದ್ಧಗೊಳಿಸುವ ಸಲುವಾಗಿ ಮೈಸೂರು, ಅಜ್ಮೀರ, ಭೋಪಾಲ, ಭುವನೇಶ್ವರಗಳಲ್ಲಿ ಪ್ರಾದೇಶಿಕ ಶಿಕ್ಷಣ ಮಹಾವಿದ್ಯಾಲಯಗಳು ಸ್ಥಾಪನೆಗೊಂಡವು. ಆದರೆ ಅವು ತಲೆಯೆತ್ತಿದುದು 1963ರ ಸುಮಾರಿಗೆ. ಶಾಲೆಗಳಾದರೋ ಅದಕ್ಕೂ ಎಷ್ಟೋ ವರ್ಷ ಮೊದಲೇ ಆರಂಭವಾಗಿದ್ದವು. ಕಲಿಸುವವನು ಬರುವ ಮುನ್ನವೇ ಪಾಠ ಮೊದಲಾಯಿತೆನ್ನಬೇಕು. ಸಲಕರಣೆಗಳ ವೆಚ್ಚವೂ ಅಡ್ಡಿಯಾಯಿತು.

ಈ ಅನುಭವವನ್ನು ತೂಗಿ ನೋಡಿದ ಕೊಠಾರಿ ಆಯೋಗವು 1966ರ ತನ್ನ ವರದಿಯಲ್ಲಿ ಎರಡು ಮಾತುಗಳನ್ನು ಬೇರ್ಪಡಿಸಿ ಹೇಳಿತು. ಮೊದಲ ಹತ್ತು ವರ್ಷ ಎಲ್ಲರಿಗೂ ಸಾಮಾನ್ಯ ಶಿಕ್ಷಣ, ಅದರ ಅಂಗವಾಗಿ ಎಲ್ಲರಿಗೂ ಕಾರ್ಯಾನುಭವ. ವೃತ್ತಿಯ ತರಬೇತಿ ಬೇಕಾದವರಿಗೆ ಪ್ರತ್ಯೇಕ ವ್ಯವಸ್ಥೆ. ಶಾಲೆ, ಮನೆ, ಹೊಲ, ಕಾರ್ಯಾಗಾರ, ಕಾರ್ಖಾನೆ ಎಲ್ಲಿಯೇ ಆಗಲಿ ಉತ್ಪಾದಕವಾದ ದುಡಿಮೆಯಲ್ಲಿ ಭಾಗವಹಿಸುವುದೇ ಕಾರ್ಯಾನುಭವವೆಂದು ಅದು ವಿವರಿಸಿತು. ಉಳ್ಳವರ ಮಗುವೂ ಇಲ್ಲದವರ ಮಗುವೂ ಒಂದೇ ಕೆಲಸದಲ್ಲಿ ತೊಡಗುವುದರಿಂದ, ಕುಲಕಸುಬಿನ ಆಕ್ಷೇಪಕ್ಕೆ ಇದರಲ್ಲಿ ಸಮಾಧಾನವಿದ್ದಿತು. 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿಯು ಇದನ್ನೇ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದು ಕರೆದು ಪಠ್ಯಕ್ರಮದ ನಡುವೆ ನಿಲ್ಲಿಸಲು ಬಯಸಿತು. ಆಚರಣೆಯಲ್ಲಿ ಅನೇಕ ಶಾಲೆಗಳಲ್ಲಿ ಅದು ವಾರದ ಒಂದೆರಡು ಅವಧಿಗಳಿಗೆ ಸೀಮಿತಗೊಂಡಿತು. ಅಂತಿಮ ಪರೀಕ್ಷೆಯ ಅಂಕಗಳಲ್ಲಿ ಲೆಕ್ಕಕ್ಕೆ ಬಾರದ ವಿಷಯಕ್ಕೆ ಪೋಷಕರೂ ಶಾಲೆಗಳೂ ಕೊಡುವ ಗಮನ ಅಷ್ಟೇ ಎಂಬುದು ಇಲ್ಲಿಯೂ ರುಜುವಾತಾಯಿತು.

ಇಚ್ಛಿತ ಗುರಿಗಳಿಗೂ ದೊರೆತ ಫಲಕ್ಕೂ ಇರುವ ಅಂತರವನ್ನು ಅಂಕಿಗಳೇ ಹೇಳುತ್ತವೆ. ಹತ್ತನೆಯ ತರಗತಿಯ ನಂತರದ ವಿದ್ಯಾರ್ಥಿಗಳಲ್ಲಿ ಶೇ. 50ರಷ್ಟು ಮಂದಿ 1986ರ ಹೊತ್ತಿಗೆ ವೃತ್ತಿಶಿಕ್ಷಣದಲ್ಲಿರಬೇಕೆಂದು ಕೊಠಾರಿ ಆಯೋಗ ಬಯಸಿತ್ತು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯು ಆ ಗುರಿಯನ್ನು 1990ಕ್ಕೆ ಶೇ. 10, 1995ಕ್ಕೆ ಶೇ. 25 ಎಂದು ತಗ್ಗಿಸಿತು. 1992ರಲ್ಲಿ ಅದನ್ನೂ ಐದೈದು ವರ್ಷ ಮುಂದಕ್ಕೆ ಹಾಕಲಾಯಿತು. 19ರಿಂದ 24 ವರ್ಷ ವಯಸ್ಸಿನ ದುಡಿಯುವವರಲ್ಲಿ ಕ್ರಮಬದ್ಧ ವೃತ್ತಿಶಿಕ್ಷಣ ಪಡೆದವರು ಶೇ. 5ಕ್ಕೂ ಕಡಮೆಯೆಂಬ ಹನ್ನೆರಡನೆಯ ಯೋಜನೆಯ ಅಂದಾಜನ್ನು 2020ರ ನೀತಿಯೇ ಉಲ್ಲೇಖಿಸಿದೆ. ಅಲ್ಲಿ ಕೊಟ್ಟಿರುವಂತೆ ಜರ್ಮನಿಯಲ್ಲಿ ಈ ಪ್ರಮಾಣ ಶೇ. 75. ಆರರಿಂದ ಎಂಟನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ, ತೋಟಗಾರ ಮೊದಲಾದ ಸ್ಥಳೀಯ ಕುಶಲಿಗಳಲ್ಲಿ ಕಲಿಯಬೇಕೆಂದು ಆ ನೀತಿ ಸೂಚಿಸಿತು.

ಹೀಗೆ ಅವಲೋಕಿಸಿದಾಗ, ವಿಫಲವಾದುದು ಕಸುಬಿನ ತತ್ತ್ವವಲ್ಲವೆಂಬುದು ಸ್ಪಷ್ಟವಾಗುತ್ತದೆ. 1882ರಲ್ಲಿ ಕಸುಬಿನ ದಾರಿಗೆ ಮುಂದಣ ಬಾಗಿಲಿರಲಿಲ್ಲ. 1953ರಲ್ಲಿ ಆಯ್ಕೆಯ ಸ್ವಾತಂತ್ರ್ಯವಿರಲಿಲ್ಲ. ವಿವಿಧೋದ್ದೇಶ ಶಾಲೆಗಳಲ್ಲಿ ಸಕಾಲಕ್ಕೆ ಶಿಕ್ಷಕರಿರಲಿಲ್ಲ. 1977ರ ನಂತರ ಪರೀಕ್ಷೆಯ ಮನ್ನಣೆಯಿರಲಿಲ್ಲ. ಈ ನಾಲ್ಕನ್ನೂ ಒಟ್ಟಿಗೆ ಒದಗಿಸಿದ ಯೋಜನೆ ಈ ಚರಿತ್ರೆಯಲ್ಲಿ ಕಾಣಸಿಗುವುದಿಲ್ಲ. ಕಮ್ಮಾರನ ಮಗಳು ಗಣಿತವನ್ನೂ, ಗುಮಾಸ್ತನ ಮಗ ಕಮ್ಮಾರಿಕೆಯನ್ನೂ ಒಂದೇ ಗೌರವದಿಂದ ಕಲಿಯುವ ಶಾಲೆಯನ್ನು ಕಟ್ಟಬಯಸುವವರು ಮೊದಲು ಪೂರೈಸಬೇಕಾದ ಕೊರತೆಗಳು ಇವೇ.