ಸೌತ್‌ಹಾಲ್‌ನ ಭಾನುವಾರದ ಸಿನಿಮಾ



ಊರು ಬಿಟ್ಟು ಬಂದವರಿಗೆ ಸಿನಿಮಾ ಎಂದರೆ ಬರೀ ಸಿನಿಮಾ ಅಲ್ಲ ಎಂಬುದು ನಿಮಗೆ ಗೊತ್ತೇ ಇದೆ. ಮುಂಬಯಿಯ ಮಾಟುಂಗಾದಲ್ಲಿದ್ದ ಅರೋರಾ ಚಿತ್ರಮಂದಿರ ಒಂದು ಕಾಲಕ್ಕೆ ದಕ್ಷಿಣದ ಭಾಷೆಗಳ ಚಿತ್ರಗಳಿಗೇ ಹೆಸರಾಗಿತ್ತು. ಅಲ್ಲಿಗೆ ಹೋಗುತ್ತಿದ್ದವರಿಗೆ ಪರದೆಯ ಮೇಲಿನ ಮಾತು ಎಷ್ಟು ಮುಖ್ಯವೋ ಪಕ್ಕದ ಸೀಟಿನ ಮಾತೂ ಅಷ್ಟೇ ಮುಖ್ಯ. ಇಂಥದೇ ಒಂದು ಕಥೆ ಕಡಲಾಚೆ, ಲಂಡನ್ನಿನ ಪಶ್ಚಿಮಕ್ಕಿರುವ ಸೌತ್‌ಹಾಲ್‌ನಲ್ಲಿ ನಡೆದಿದೆ. ಇಂದು ಅದನ್ನು ಹೇಳುತ್ತೇನೆ.

1950ರ ದಶಕದಲ್ಲಿ ಪಂಜಾಬಿನ ಗಂಡಸರು ಅಲ್ಲಿನ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದರು. ವುಲ್ಫ್ ಎಂಬ ರಬ್ಬರ್ ಕಾರ್ಖಾನೆಯಲ್ಲಂತೂ ಅವರೇ ಹೆಚ್ಚು. ಒಂದೊಂದು ಮನೆಯಲ್ಲಿ ಹತ್ತಾರು ಜನ. ಹಗಲು ಪಾಳಿಯವನು ಎದ್ದ ಹಾಸಿಗೆಯಲ್ಲಿ ರಾತ್ರಿ ಪಾಳಿಯವನು ಮಲಗಬೇಕು. ಹೆಂಡತಿ ಮಕ್ಕಳು ಊರಿನಲ್ಲಿ. ಸಿಗುವುದು ಒಂದೇ ಭಾನುವಾರ. ಆ ದಿನ ಹೋಗುವುದಾದರೂ ಎಲ್ಲಿಗೆ? ಮೈಬಣ್ಣ ನೋಡಿ ಬಾಗಿಲಲ್ಲೇ ತಡೆಯುವ ಪಬ್ಬುಗಳು ಆಗ ಇಂಗ್ಲೆಂಡಿನಲ್ಲಿ ಬೇಕಾದಷ್ಟಿದ್ದವು.

ಹೀಗಿರುವಾಗ ಇಂಡಿಯನ್ ವರ್ಕರ್ಸ್ ಅಸೋಸಿಯೇಷನ್ ಎಂಬ ಕಾರ್ಮಿಕರ ಸಂಘ ಚಿತ್ರಮಂದಿರವನ್ನು ಬಾಡಿಗೆಗೆ ಹಿಡಿದು ಹಿಂದಿ ಚಿತ್ರಗಳನ್ನು ತೋರಿಸತೊಡಗಿತು. ಜನ ಕಿಕ್ಕಿರಿದು ಬಂದರು. ಟಿಕೆಟ್ಟಿನ ಹಣದಿಂದ ಸಂಘ ಬೆಳೆಯಿತು. 1960ರ ದಶಕದಲ್ಲಿ 'ಡೊಮಿನಿಯನ್' ಚಿತ್ರಮಂದಿರವೇ ಸಂಘದ ಸ್ವತ್ತಾಯಿತು. 1935ರಲ್ಲಿ ಕಟ್ಟಿದ, ಸುಮಾರು 2000 ಜನ ಕೂರಬಹುದಾದ ಕಟ್ಟಡ ಅದು. ಕೂಲಿಕಾರರ ಸಂಘವೊಂದು ಪರದೇಶದಲ್ಲಿ ಇಷ್ಟು ದೊಡ್ಡ ಟಾಕೀಸಿನ ಒಡೆಯನಾದದ್ದು ಸಣ್ಣ ಮಾತಲ್ಲ.

1962ರ ವಲಸೆ ಕಾಯ್ದೆ ಹೊಸಬರಿಗೆ ಬಾಗಿಲು ಬಿಗಿ ಮಾಡಿತು. ಇನ್ನು ಹೋಗಿ ಬರುವುದು ಕಷ್ಟ ಎಂದು ಗಂಡಸರು ಸಂಸಾರವನ್ನು ಕರೆಸಿಕೊಂಡರು. ಸಿನಿಮಾ ಮನೆಮಂದಿಯ ಹಬ್ಬವಾಯಿತು. ನಮ್ಮ ರೇಡಿಯೋದವರಿಗೆ ಒಂದು ಸಂತೋಷದ ಸಂಗತಿ: 1965ರ ಅಕ್ಟೋಬರಿನಿಂದ ಭಾನುವಾರ ಬೆಳಗ್ಗೆ ಬಿಬಿಸಿಯಲ್ಲೂ ಹಿಂದೂಸ್ತಾನಿ ಮಾತು ಕೇಳತೊಡಗಿತು. ಬೆಳಗ್ಗೆ ಕಿವಿಗೆ ತಮ್ಮ ಮಾತು, ಮಧ್ಯಾಹ್ನ ಕಣ್ಣಿಗೆ ತಮ್ಮ ಸಿನಿಮಾ. 1972ರ ಹೊತ್ತಿಗೆ ಅದೇ ಊರಿನ ಇನ್ನೊಂದು ಚಿತ್ರಮಂದಿರವೂ 'ಲಿಬರ್ಟಿ' ಎಂಬ ಹೆಸರಿನಲ್ಲಿ ಹಿಂದಿ ಚಿತ್ರಗಳಿಗೆ ತೆರೆಯಿತು. ಅದು 1929ರಲ್ಲಿ ಚೀನೀ ಶೈಲಿಯಲ್ಲಿ ಕಟ್ಟಿದ್ದು, ಸೂರಿನ ಮೇಲೆ ಡ್ರ್ಯಾಗನ್‌ಗಳು!

1976ರ ಜೂನ್ 4ರಂದು ಈ ಡೊಮಿನಿಯನ್ ಬಳಿಯಲ್ಲೇ ಗುರ್‌ದೀಪ್ ಸಿಂಗ್ ಚಗ್ಗರ್ ಎಂಬ 18ರ ಹುಡುಗನನ್ನು ಬಿಳಿಯ ಯುವಕರ ಗುಂಪು ಇರಿದು ಕೊಂದಿತು. ಊರಿಗೆ ಊರೇ ಕುದಿಯಿತು. ಜನ ಸಭೆ ಸೇರಿದ್ದೂ ಡೊಮಿನಿಯನ್‌ನಲ್ಲೇ. ಹಿರಿಯರ ಮಾತು ಸಾಲದೆಂದು ಹುಡುಗರು ಪೊಲೀಸ್ ಠಾಣೆಯತ್ತ ಮೆರವಣಿಗೆ ಹೊರಟರು, ತಮ್ಮದೇ ಯುವಕರ ಸಂಘಟನೆ ಕಟ್ಟಿದರು. ಹಾಡು ಕುಣಿತ ನೋಡಲು ಕೂಡಿದ ಜಾಗ ಕಷ್ಟಕಾಲದಲ್ಲಿ ಊರಿನ ಅರಳೀಕಟ್ಟೆಯಾಯಿತು.

ಆಮೇಲೆ ವಿಡಿಯೋ ಕ್ಯಾಸೆಟ್ ಬಂತು. ಒಂದು ಕ್ಯಾಸೆಟ್ ಬಾಡಿಗೆಗೆ ತಂದರೆ ಇಡೀ ಮನೆ ಸೋಫಾದಲ್ಲೇ ಕೂತು ನೋಡಬಹುದು. ಚಿತ್ರಮಂದಿರಗಳು ಖಾಲಿಯಾದವು. 1982ರಲ್ಲಿ ಲಿಬರ್ಟಿ ಮುಚ್ಚಿ ಮಾರುಕಟ್ಟೆಯಾಯಿತು. 2001ರಲ್ಲಿ 'ಹಿಮಾಲಯ ಪ್ಯಾಲೇಸ್' ಎಂದು ಮತ್ತೆ ತೆರೆದು, 2010ರಲ್ಲಿ ಮತ್ತೆ ಮುಚ್ಚಿತು. ಡೊಮಿನಿಯನ್ ಅನ್ನು ಕೆಡವಿ, ಅದೇ ಹೆಸರಿನ ಸಮುದಾಯ ಕೇಂದ್ರ ಕಟ್ಟಿದರು. ಸಿನಿಮಾ ಹೋದರೂ ಕೂಡುವ ಜಾಗ ಉಳಿಯಲಿ ಎಂಬ ಆಸೆ ಅದರಲ್ಲಿತ್ತು.

ಈಗ ನಮಗೂ ಕನ್ನಡ ಚಿತ್ರ ಮೊಬೈಲಿನಲ್ಲೇ ಸಿಗುತ್ತದೆ. ಸಿಗಲಿ, ಒಳ್ಳೆಯದೇ. ಆದರೆ ನಿಮ್ಮ ನಗರದಲ್ಲಿ ಕನ್ನಡದ ಒಂದೇ ಒಂದು ಶೋ ಬಂದರೂ ಮನೆಮಂದಿಯನ್ನು ಕರೆದುಕೊಂಡು ಹೋಗಿ. ಇಂಟರ್‌ವಲ್‌ನಲ್ಲಿ ಪಕ್ಕದವರನ್ನು "ನಿಮ್ಮದು ಯಾವೂರು?" ಎಂದು ಕೇಳಿ. ನೀವು ಕನ್ನಡ ಚಿತ್ರ ನೋಡುತ್ತಿದ್ದ ಟಾಕೀಸು ಯಾವುದು ಎಂದು ನಮಗೂ ಬರೆಯಿರಿ. ಭಾನುವಾರದ ಕಾರ್ಯಕ್ರಮದಲ್ಲಿ ಓದುತ್ತೇನೆ.